ಷರತ್ತುಬದ್ಧ ಮೊತ್ತ: ವ್ಯವಹಾರ ವರದಿಗಳಲ್ಲಿ ಆಯ್ದು ಕೂಡುವ ಸೂತ್ರಗಳು

ಷರತ್ತುಬದ್ಧ ಮೊತ್ತ : ದಾಖಲೆಗಳ ಪಟ್ಟಿಯಲ್ಲಿ ಗೊತ್ತಾದ ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಆಯ್ದು, ಅವುಗಳ ಒಂದು ಕಾಲಂನ ಸಂಖ್ಯೆಗಳನ್ನು ಕೂಡುವ ಲೆಕ್ಕ. ಮಾರಾಟ, ತೆರಿಗೆ, ದಾಸ್ತಾನು, ಸಂಬಳ, ಬಾಕಿ ವಸೂಲಿ, ಯಾವ ವರದಿಯನ್ನು ತೆರೆದರೂ ಅದರ ಬಹುಪಾಲು ಅಂಕಿಗಳು ಈ ಬಗೆಯವೇ. ಹುಬ್ಬಳ್ಳಿಯಲ್ಲಿ ಸಿಮೆಂಟು, ಕಬ್ಬಿಣ ಮಾರುವ ಸಗಟು ವ್ಯಾಪಾರಿಯೊಬ್ಬರ ಬಳಿ ವರ್ಷದ ಬಿಲ್ಲುಗಳ ಪಟ್ಟಿ ಇದೆ ಎಂದುಕೊಳ್ಳೋಣ. ಒಟ್ಟು ವ್ಯಾಪಾರ ಎಷ್ಟಾಯಿತು ಎಂಬುದಕ್ಕೆ ಸಾದಾ ಕೂಡಿಕೆ ಸಾಕು. ಕೊಲ್ಹಾಪುರದ ಗಿರಾಕಿಗಳಿಗೆ ಹೋದ ಮಾಲು ಎಷ್ಟು, ಏಪ್ರಿಲ್‌ನಿಂದ ಜೂನ್‌ವರೆಗಿನ ಸಿಮೆಂಟ್ ಮಾರಾಟ ಎಷ್ಟು, 90 ದಿನ ಮೀರಿದ ಬಾಕಿ ಎಷ್ಟು ಎಂದು ಕೇಳಿದ ಕೂಡಲೇ ಷರತ್ತು ಬಂದು ಸೇರುತ್ತದೆ.

ಇಂಥ ಸೂತ್ರ ಕೆಲವು ಸಾಲುಗಳನ್ನು ಎತ್ತಿಕೊಳ್ಳುತ್ತದೆ, ಉಳಿದವನ್ನು ಬಿಡುತ್ತದೆ. ವರದಿಯಲ್ಲಿ ಕಾಣುವುದು ಎತ್ತಿಕೊಂಡದ್ದರ ಫಲ ಮಾತ್ರ. ಬಿಟ್ಟುಹೋದ ಸಾಲು ಎಲ್ಲಿಯೂ ಕಾಣಿಸುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಮೊತ್ತ ತುಸು ಕಡಿಮೆಯಾಗಿ, ಆದರೆ ನಂಬುವಂತೆಯೇ ನಿಂತಿರುತ್ತದೆ. ಈ ಸೂತ್ರಗಳ ಇತಿಹಾಸವನ್ನೂ ಅವುಗಳ ನಾನಾ ರೂಪಗಳನ್ನೂ ನೋಡುವಾಗ ಕೇಳುತ್ತಿರಬೇಕಾದ ಪ್ರಶ್ನೆ ಒಂದೇ: ಷರತ್ತಿಗೆ ಹೊಂದದ ಸಾಲುಗಳು ಎಲ್ಲಿ ಹೋದವು?

ಗಣಿತದ ತಿರುಳು : ಷರತ್ತನ್ನು ಸಂಖ್ಯೆಯಾಗಿ ಬರೆಯುವ ಒಂದು ಸರಳ ದಾರಿಯನ್ನು ಕೆನೆತ್ ಐವರ್ಸನ್ ತಮ್ಮ ಎಪಿಎಲ್ ಸಂಕೇತ ಪದ್ಧತಿಯನ್ನು ವಿವರಿಸಿದ 1962ರ ಪುಸ್ತಕದಲ್ಲಿ ತೋರಿಸಿದರು. ಹೇಳಿಕೆ ನಿಜವಾದರೆ ಅದರ ಬೆಲೆ 1, ಸುಳ್ಳಾದರೆ 0. ಪ್ರತಿ ಸಾಲಿನ ಮೊತ್ತವನ್ನು ಈ ಒಂದರಿಂದಲೋ ಸೊನ್ನೆಯಿಂದಲೋ ಗುಣಿಸಿ ಎಲ್ಲವನ್ನೂ ಕೂಡಿದರೆ ಷರತ್ತುಬದ್ಧ ಮೊತ್ತ ಸಿಕ್ಕಿತು. ಎರಡು ಷರತ್ತುಗಳೂ ಒಟ್ಟಿಗೆ ಹೊಂದಬೇಕಾದರೆ ಎರಡು ಬೆಲೆಗಳನ್ನು ಪರಸ್ಪರ ಗುಣಿಸಬೇಕು. ಎರಡರಲ್ಲಿ ಯಾವುದಾದರೂ ಒಂದು ಹೊಂದಿದರೆ ಸಾಕು ಎಂದಾಗ ಬೆಲೆಗಳನ್ನು ಕೂಡಿ, ಎರಡೂ ಹೊಂದಿದ ಸಾಲುಗಳಿಗಾಗಿ ಅವುಗಳ ಗುಣಲಬ್ಧವನ್ನು ಕಳೆಯಬೇಕು. ಕಳೆಯಲು ಮರೆತರೆ ಆ ಸಾಲುಗಳು ಎರಡು ಸಲ ಲೆಕ್ಕಕ್ಕೆ ಬರುತ್ತವೆ. ‘ಧಾರವಾಡದ ಗಿರಾಕಿ ಅಥವಾ ಸಿಮೆಂಟ್ ಬಿಲ್ಲು’ ಎಂಬ ವರದಿಯಲ್ಲಿ ಧಾರವಾಡಕ್ಕೆ ಹೋದ ಸಿಮೆಂಟು ಇಮ್ಮಡಿಯಾಗುವುದು ಹೀಗೆಯೇ. ಮುಂದೆ ಬಂದ ತಂತ್ರಾಂಶಗಳು ಏನೇ ಹೆಸರಿಟ್ಟಿದ್ದರೂ ಒಳಗೆ ನಡೆಯುವುದು ಈ ಸೊನ್ನೆ-ಒಂದರ ಕೆಲಸವೇ.

ಬೆಳವಣಿಗೆ : ಆಯ್ದು ಎಣಿಸುವ ಯಂತ್ರ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ 1890ರ ಜನಗಣತಿಯಲ್ಲಿ ಬಳಕೆಯಾದ ಹರ್ಮನ್ ಹೊಲೆರಿತ್ ಅವರ ಯಂತ್ರ ಕಾರ್ಡಿನಲ್ಲಿ ಕೊರೆದ ತೂತುಗಳನ್ನು ವಿದ್ಯುತ್ತಿನಿಂದ ಓದುತ್ತಿತ್ತು. ರಿಲೇಗಳನ್ನು ಜೋಡಿಸಿ, ಇಂತಿಂಥ ತೂತುಗಳು ಒಟ್ಟಿಗೆ ಇದ್ದರೆ ಮಾತ್ರ ಎಣಿಸು ಎಂದು ಅದಕ್ಕೆ ಹೇಳಬಹುದಿತ್ತು. 1959ರಲ್ಲಿ ಐಬಿಎಂ ತನ್ನ 1401 ಕಂಪ್ಯೂಟರಿಗಾಗಿ ತಂದ ಆರ್‌ಪಿಜಿ ಎಂಬ ಭಾಷೆ ವರದಿ ತಯಾರಿಗೆಂದೇ ಹುಟ್ಟಿದ್ದು. ಅದರಲ್ಲಿ ಷರತ್ತುಗಳಿಗೆ ಎರಡಂಕಿಯ ಸೂಚಕಗಳಿದ್ದವು, ಸೂಚಕ ಹೊತ್ತಿಕೊಂಡಾಗ ಮಾತ್ರ ಆ ಸಾಲಿನ ಕೂಡಿಕೆ ನಡೆಯುತ್ತಿತ್ತು.

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಯಂತ್ರಕ್ಕೆ ತಂದ ವಿಸಿಕ್ಯಾಲ್ಕ್, ಲೆಕ್ಕದ ಹಾಳೆಯನ್ನು ಪ್ರೋಗ್ರಾಮರ್ ಅಲ್ಲದವರ ಕೈಗೆ ಕೊಟ್ಟಿತು. 1983ರ ಲೋಟಸ್ 1-2-3 ಡಿ-ಸಮ್ ಎಂಬ ಕಾರ್ಯವನ್ನು ಸೇರಿಸಿತು. ಅಲ್ಲಿ ಷರತ್ತನ್ನು ಸೂತ್ರದೊಳಗೆ ಬರೆಯುವಂತಿರಲಿಲ್ಲ. ಹಾಳೆಯ ಬೇರೊಂದು ಮೂಲೆಯಲ್ಲಿ ಕಾಲಂನ ಹೆಸರು, ಅದರ ಕೆಳಗೆ ಬೇಕಾದ ಬೆಲೆ ಹೀಗೆ ಪುಟ್ಟ ಕೋಷ್ಟಕ ಮಾಡಿ ತೋರಿಸಬೇಕಿತ್ತು. ತೊಡಕಿನ ಕೆಲಸವೆಂದು ಜನ ಅದನ್ನು ಬದಿಗಿಟ್ಟರು. ಆದರೆ ಷರತ್ತು ಎಲ್ಲರ ಕಣ್ಣಿಗೆ ಬೀಳುವಂತೆ ಹಾಳೆಯ ಮೇಲೆಯೇ ಇರುತ್ತಿತ್ತು ಎಂಬುದು ಆ ಪದ್ಧತಿಯ ದೊಡ್ಡ ಗುಣ, ಅದನ್ನು ನಂತರದ ಸಲಕರಣೆಗಳು ಕಳೆದುಕೊಂಡವು.

ಮೈಕ್ರೊಸಾಫ್ಟ್ ಎಕ್ಸೆಲ್‌ನಲ್ಲಿ ಒಂದೇ ಷರತ್ತಿಗೆ ಸಮ್‌ಇಫ್ ಇತ್ತು. ಒಂದಕ್ಕಿಂತ ಹೆಚ್ಚಿನ ಷರತ್ತು ಬೇಕಾದವರು ಸಮ್‌ಪ್ರಾಡಕ್ಟ್ ಒಳಗೆ ಐವರ್ಸನ್ ರೀತಿಯಲ್ಲಿ ಗುಣಾಕಾರ ಮಾಡುತ್ತಿದ್ದರು, ಇಲ್ಲವೇ ಸಮ್ ಮತ್ತು ಇಫ್ ಸೇರಿಸಿದ ಅರೇ ಸೂತ್ರ ಬರೆಯುತ್ತಿದ್ದರು. 2007ರ ಆವೃತ್ತಿ ಸಮ್‌ಇಫ್ಸ್ ತಂದಿತು. ಅದರಲ್ಲಿ 127 ಷರತ್ತುಗಳವರೆಗೆ ಬರೆಯಬಹುದು. ಅದೇ ಆವೃತ್ತಿಯಲ್ಲಿ ಹಾಳೆಯ ಸಾಲುಗಳ ಮಿತಿ 65,536ರಿಂದ 10,48,576ಕ್ಕೆ ಏರಿತು. ಚಿಕ್ಕ ಕಚೇರಿಗಳಲ್ಲಿ ಡೇಟಾಬೇಸ್ ಇಲ್ಲದೆಯೇ ಇಡೀ ವರ್ಷದ ವ್ಯವಹಾರವನ್ನು ಒಂದು ಹಾಳೆಯಲ್ಲಿಟ್ಟು ವರದಿ ತೆಗೆಯುವ ರೂಢಿ ಬೆಳೆಯಲು ಈ ಎರಡೂ ಕಾರಣವಾದವು.

ಹಾಳೆಯ ಸೂತ್ರಗಳ ಒಳಸುಳಿ : ಸಮ್‌ಇಫ್ ಮೊದಲು ಷರತ್ತು ನೋಡಬೇಕಾದ ಕಾಲಂ, ಆಮೇಲೆ ಷರತ್ತು, ಕೊನೆಗೆ ಕೂಡಬೇಕಾದ ಕಾಲಂ ಕೇಳುತ್ತದೆ. ಸಮ್‌ಇಫ್ಸ್ ಕೂಡಬೇಕಾದ ಕಾಲಂ ಅನ್ನೇ ಮೊದಲು ಕೇಳುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವವರು ಇಲ್ಲಿ ಎಡವುತ್ತಾರೆ. ಇದಕ್ಕಿಂತ ಅಪಾಯಕಾರಿ ವ್ಯತ್ಯಾಸ ಬೇರೆ ಇದೆ. ಷರತ್ತಿನ ಕಾಲಂನಲ್ಲಿ 500 ಸಾಲು, ಕೂಡುವ ಕಾಲಂನಲ್ಲಿ 498 ಸಾಲು ಗುರುತಿಸಿದರೆ ಸಮ್‌ಇಫ್ಸ್ ದೋಷ ತೋರಿಸಿ ನಿಲ್ಲುತ್ತದೆ. ಸಮ್‌ಇಫ್ ನಿಲ್ಲುವುದಿಲ್ಲ: ಕೂಡುವ ಕಾಲಂನ ಮೊದಲ ಸೆಲ್‌ನಿಂದ ಹಿಡಿದು ತಾನೇ 500 ಸಾಲು ಅಳೆದುಕೊಳ್ಳುತ್ತದೆ. ಎರಡು ಕಾಲಂಗಳು ಒಂದು ಸಾಲು ಹಿಂದೆಮುಂದೆ ಆರಂಭವಾಗಿದ್ದರೆ ಪ್ರತಿ ಗಿರಾಕಿಯ ಹೆಸರಿಗೆ ಪಕ್ಕದ ಗಿರಾಕಿಯ ಹಣ ಬೀಳುತ್ತದೆ. ಒಂದೇ ಷರತ್ತಿದ್ದರೂ ಸಮ್‌ಇಫ್ಸ್ ಬರೆಯುವುದೇ ಲೇಸು ಎನ್ನಲು ಇಷ್ಟು ಸಾಕು.

ತಾರೀಖುಗಳ ವಿಷಯ ಇನ್ನೂ ಸೂಕ್ಷ್ಮ. ಎಕ್ಸೆಲ್ ತಾರೀಖನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2025ರ ಏಪ್ರಿಲ್ 1 ಅದರ ಪಾಲಿಗೆ 45748. ಹೊತ್ತು ಇದರ ಭಿನ್ನಾಂಶ. 2026ರ ಮಾರ್ಚ್ 31 ಎಂದರೆ 46112, ಅಂದಿನ ಮಧ್ಯಾಹ್ನ ಎಂದರೆ 46112.5. ಹಣಕಾಸು ವರ್ಷದ ಮೊತ್ತಕ್ಕೆ ‘ಮಾರ್ಚ್ 31 ಅಥವಾ ಅದಕ್ಕಿಂತ ಮುಂಚೆ’ ಎಂದು ಷರತ್ತು ಹಾಕಿದರೆ, ಬಿಲ್ಲಿನ ಹೊತ್ತನ್ನೂ ದಾಖಲಿಸುವ ತಂತ್ರಾಂಶದಿಂದ ಬಂದ ಪಟ್ಟಿಯಲ್ಲಿ ವರ್ಷದ ಕೊನೆಯ ದಿನದ ವ್ಯಾಪಾರವೇ ಬಿಟ್ಟುಹೋಗುತ್ತದೆ. ವ್ಯಾಪಾರಿಗಳು ಗುರಿ ಮುಟ್ಟಿಸಲು ಬಿಲ್ಲುಗಳನ್ನು ಒತ್ತಿ ಮಾಡುವುದು ಅದೇ ದಿನ. ‘ಏಪ್ರಿಲ್ 1ಕ್ಕಿಂತ ಮುಂಚೆ’ ಎಂದು ಬರೆದರೆ ಈ ತೊಂದರೆ ಇಲ್ಲ. ಇನ್ನು, ಕಂಪ್ಯೂಟರಿನ ಪ್ರಾದೇಶಿಕ ಆಯ್ಕೆ ಅಮೆರಿಕದ್ದಾಗಿದ್ದರೆ 04/05/2025 ಎಂಬುದು ಮೇ 4ರ ಬದಲು ಏಪ್ರಿಲ್ 5 ಆಗುತ್ತದೆ; 13/05/2025 ಯಾವ ತಾರೀಖೂ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಅಕ್ಷರವಾದ ತಾರೀಖು ತಿಂಗಳ ಮೊತ್ತದ ಯಾವ ಷರತ್ತಿಗೂ ಸಿಗುವುದಿಲ್ಲ. ಪ್ರತಿ ತಿಂಗಳ ಮೊದಲ 12 ದಿನ ತಪ್ಪು ತಿಂಗಳಿಗೆ ಹೋಗಬಹುದು, ಉಳಿದ ದಿನಗಳು ಲೆಕ್ಕದಿಂದಲೇ ಮಾಯ.

ನಕ್ಷತ್ರ ಚಿಹ್ನೆ ಬಳಸಿ ಅಕ್ಷರಗಳ ಒಂದು ಭಾಗವನ್ನಷ್ಟೇ ಹೋಲಿಸಬಹುದು. ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರಗಳು, ಮೊದಲ ಎರಡು ರಾಜ್ಯದ ಸಂಕೇತ; ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಹಾಗಾಗಿ 29ರ ಮುಂದೆ ನಕ್ಷತ್ರ ಹಾಕಿದರೆ ಕರ್ನಾಟಕದಲ್ಲಿ ನೋಂದಾಯಿಸಿದ ಗಿರಾಕಿಗಳ ಮೊತ್ತ ಬರುತ್ತದೆ. ಇದನ್ನೇ ರಾಜ್ಯದೊಳಗಿನ ವ್ಯಾಪಾರ ಎಂದು ತಿಳಿಯಬಾರದು, ತೆರಿಗೆಯ ಬಗೆ ನಿರ್ಧಾರವಾಗುವುದು ಪೂರೈಕೆಯ ಸ್ಥಳದಿಂದ. ನೋಂದಣಿಯೇ ಇಲ್ಲದ ಗಿರಾಕಿಗಳ ಸಾಲುಗಳಂತೂ ಈ ಷರತ್ತಿಗೆ ಸಿಗುವುದೇ ಇಲ್ಲ. ನಕ್ಷತ್ರ ಅಕ್ಷರಗಳಿಗೆ ಮಾತ್ರ ಕೆಲಸ ಮಾಡುತ್ತದೆ ಎಂಬುದೂ ನೆನಪಿರಬೇಕು. ಸಂಖ್ಯೆಯಾಗಿ ದಾಖಲಾದ ಸಂಕೇತಗಳಿಗೆ ಅದು ತಾಗುವುದಿಲ್ಲ.

ಸಮ್‌ಇಫ್ ಮತ್ತು ಸಮ್‌ಇಫ್ಸ್ ಅಂಕಿಗಳಿಂದಲೇ ಆದ ಅಕ್ಷರಮಾಲೆಯನ್ನು ಸಂಖ್ಯೆಯೆಂದೇ ಎಣಿಸಿ ಹೋಲಿಸುತ್ತವೆ, ಎಕ್ಸೆಲ್‌ನ ಸಂಖ್ಯೆಗಳ ನಿಖರತೆ 15 ಅಂಕಿಗೆ ಮುಗಿಯುತ್ತದೆ. 16 ಅಂಕಿಯ ಎರಡು ಖಾತೆ ಸಂಖ್ಯೆಗಳು ಕೊನೆಯ ಅಂಕಿಯಲ್ಲಷ್ಟೇ ಬೇರೆಯಾಗಿದ್ದರೆ ಎರಡೂ ಒಂದೇ ಎಂದು ಕೂಡಿಬಿಡುತ್ತವೆ. ಇಂಥಲ್ಲಿ ಹಳೆಯ ಸಮ್‌ಪ್ರಾಡಕ್ಟ್ ದಾರಿಯೇ ಸರಿಯಾದುದು, ಅದು ಅಕ್ಷರಗಳನ್ನು ಅಕ್ಷರಗಳಾಗಿಯೇ ನೋಡುತ್ತದೆ. ಫಿಲ್ಟರ್ ಹಾಕಿ ಮರೆಮಾಡಿದ ಸಾಲುಗಳನ್ನೂ ಸಮ್‌ಇಫ್ಸ್ ಕೂಡುತ್ತದೆ. ಪರದೆಯ ಮೇಲೆ ಕಾಣುವ ಸಾಲುಗಳ ಮೊತ್ತವೇ ಬೇಕಾದರೆ ಸಬ್‌ಟೋಟಲ್ ಎಂಬ ಬೇರೆ ಕಾರ್ಯವಿದೆ.

ಡೇಟಾಬೇಸಿನ ಭಾಷೆಯಲ್ಲಿ : ಎಸ್‌ಕ್ಯೂಎಲ್‌ನಲ್ಲಿ ಷರತ್ತನ್ನು ಎರಡು ಕಡೆ ಇಡಬಹುದು. ಇಡೀ ಪಟ್ಟಿಯನ್ನೇ ವೇರ್ ಎಂಬ ಭಾಗದಲ್ಲಿ ಸೋಸಿ ಉಳಿದದ್ದನ್ನು ಕೂಡುವುದು ಒಂದು. ಪಟ್ಟಿಯನ್ನು ಮುಟ್ಟದೆ, ಕೂಡುವ ಕಾರ್ಯದೊಳಗೆ ಕೇಸ್ ಬರೆದು ಹೊಂದದ ಸಾಲಿಗೆ ಸೊನ್ನೆ ಕೊಡುವುದು ಇನ್ನೊಂದು. ಒಂದೇ ಸಾಲಿನಲ್ಲಿ ಏಪ್ರಿಲ್, ಮೇ, ಜೂನ್ ಮೊತ್ತಗಳನ್ನು ಅಕ್ಕಪಕ್ಕ ತೋರಿಸುವ ವರದಿಗೆ ಎರಡನೆಯದೇ ಬೇಕು. ಕೇಸ್ ಈ ಭಾಷೆಯ 1992ರ ಮಾನಕದಲ್ಲಿ ಸೇರಿತು. ಅದಕ್ಕೆ ಮುಂಚೆ ಒರಾಕಲ್ ಡೇಟಾಬೇಸ್ ಬಳಸುವವರು ಡಿಕೋಡ್ ಎಂಬ ಕಾರ್ಯದಿಂದ ಇದನ್ನೇ ಸಾಧಿಸುತ್ತಿದ್ದರು. 2003ರ ಮಾನಕ ಫಿಲ್ಟರ್ ಎಂಬ ಇನ್ನೂ ನೇರವಾದ ರೂಪ ಕೊಟ್ಟಿತು, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಅದನ್ನು 2014ರ 9.4 ಆವೃತ್ತಿಯಲ್ಲಿ ಅಳವಡಿಸಿಕೊಂಡಿತು.

ಖಾಲಿ ಬೆಲೆ, ಎಂದರೆ ನಲ್, ಇಲ್ಲಿನ ದೊಡ್ಡ ಪ್ರಶ್ನೆ. ‘ಊರು ಧಾರವಾಡ’ ಎಂಬ ಷರತ್ತಿನ ಮೊತ್ತಕ್ಕೆ ‘ಊರು ಧಾರವಾಡವಲ್ಲ’ ಎಂಬ ಷರತ್ತಿನ ಮೊತ್ತ ಸೇರಿಸಿದರೆ ಒಟ್ಟು ಮೊತ್ತ ಬರಲೇಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಹಾಗೆ ಬರಬೇಕೆಂದಿಲ್ಲ. ಊರಿನ ಹೆಸರೇ ತುಂಬಿರದ ಸಾಲಿನ ಬಗ್ಗೆ ಅದು ‘ಹೌದು’ ಎಂದೂ ಹೇಳುವುದಿಲ್ಲ, ‘ಅಲ್ಲ’ ಎಂದೂ ಹೇಳುವುದಿಲ್ಲ, ‘ತಿಳಿಯದು’ ಎನ್ನುತ್ತದೆ. ಆ ಸಾಲು ಎರಡೂ ಮೊತ್ತಗಳಿಂದ ಹೊರಗುಳಿಯುತ್ತದೆ. ಎಕ್ಸೆಲ್‌ನ ನಡವಳಿಕೆ ಬೇರೆ: ಖಾಲಿ ಸೆಲ್ ಧಾರವಾಡವಲ್ಲ ತಾನೆ, ಹಾಗಾಗಿ ಅದನ್ನು ‘ಅಲ್ಲ’ದ ಕಡೆಗೇ ಸೇರಿಸುತ್ತದೆ. ಒಂದೇ ಪಟ್ಟಿ, ಒಂದೇ ಮಾತಿನಲ್ಲಿ ಬರೆದ ಷರತ್ತು, ಎರಡು ಉತ್ತರ. ಹಾಳೆಯಲ್ಲಿ ಬೆಳೆದ ವರದಿಯನ್ನು ಡೇಟಾಬೇಸಿಗೆ ಸಾಗಿಸುವ ಕಚೇರಿಗಳಲ್ಲಿ ಲೆಕ್ಕ ತಾಳೆಯಾಗದೆ ಹೋಗುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಹೊಂದದ ಸಾಲಿಗೆ ಸೊನ್ನೆ ಕೊಡುವ ಅಭ್ಯಾಸವನ್ನು ಕೂಡಿಕೆಯಿಂದ ಸರಾಸರಿಗೆ ಒಯ್ದರೂ ಅನಾಹುತವೇ. ಕೂಡುವಾಗ ಸೊನ್ನೆಯಿಂದ ತೊಂದರೆಯಿಲ್ಲ, ಸರಾಸರಿಯಲ್ಲಿ ಅದೂ ಒಂದು ಸಾಲಾಗಿ ಎಣಿಕೆಗೆ ಬಂದು ಫಲಿತಾಂಶವನ್ನು ಕೆಳಗೆಳೆಯುತ್ತದೆ.

ಷರತ್ತು ಸಾಲಿಗೋ, ಗುಂಪಿಗೋ : ಕೂಡುವ ಮುನ್ನ ನೋಡುವ ಷರತ್ತು ಬೇರೆ, ಕೂಡಿದ ಮೇಲೆ ನೋಡುವ ಷರತ್ತು ಬೇರೆ. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆ 1961ರ 194ಸಿ ಕಲಂ ಎರಡನ್ನೂ ಒಂದೇ ನಿಯಮದಲ್ಲಿ ಇಟ್ಟಿದ್ದರಿಂದ ಇದಕ್ಕೆ ಒಳ್ಳೆಯ ಉದಾಹರಣೆ. ಗುತ್ತಿಗೆದಾರರಿಗೆ ಕೊಡುವ ಒಂದು ಬಿಲ್ಲಿನ ಹಣ 30,000 ರೂಪಾಯಿ ಮೀರಿದರೆ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕಿತ್ತು. ಒಂದೊಂದು ಬಿಲ್ಲೂ ಅದಕ್ಕಿಂತ ಕಡಿಮೆಯಿದ್ದರೂ ವರ್ಷದ ಒಟ್ಟು 1,00,000 ರೂಪಾಯಿ ಮೀರಿದರೆ ಆಗಲೂ ಕಡಿತ ಮಾಡಬೇಕಿತ್ತು. ಒಬ್ಬ ಗುತ್ತಿಗೆದಾರರಿಗೆ 28,000 ರೂಪಾಯಿಯ ನಾಲ್ಕು ಬಿಲ್ಲು, ಇನ್ನೊಬ್ಬರಿಗೆ 45,000 ರೂಪಾಯಿಯ ಒಂದು ಬಿಲ್ಲು ಸಂದಾಯವಾಗಿದೆ ಎನ್ನೋಣ. ‘30,000ಕ್ಕಿಂತ ಹೆಚ್ಚು’ ಎಂಬ ಸಮ್‌ಇಫ್ ಬರೆದರೆ 45,000 ಮಾತ್ರ ಬರುತ್ತದೆ. ನಿಯಮದಂತೆ ಲೆಕ್ಕಕ್ಕೆ ಬರಬೇಕಾದದ್ದು 1,57,000. ಮೊದಲ ಗುತ್ತಿಗೆದಾರರ 1,12,000 ರೂಪಾಯಿಯನ್ನು ಹಿಡಿಯಲು ಮೊದಲು ಹೆಸರುವಾರು ಕೂಡಬೇಕು, ಆಮೇಲೆ ಆ ಮೊತ್ತದ ಮೇಲೆ ಷರತ್ತು ಹಾಕಬೇಕು. ಎಸ್‌ಕ್ಯೂಎಲ್ ಇದಕ್ಕೆಂದೇ ಹ್ಯಾವಿಂಗ್ ಎಂಬ ಪ್ರತ್ಯೇಕ ಭಾಗವನ್ನು ಇಟ್ಟಿದೆ. ಹಾಳೆಯಲ್ಲಿ ಪ್ರತಿ ಸಾಲಿನ ಪಕ್ಕದಲ್ಲಿ ಆ ಹೆಸರಿನ ಒಟ್ಟು ಮೊತ್ತವನ್ನು ತರುವ ಸಹಾಯಕ ಕಾಲಂ ಮಾಡಿಕೊಳ್ಳಬೇಕು.

ವರದಿ ತಂತ್ರಾಂಶಗಳು : ಕ್ರಿಸ್ಟಲ್ ರಿಪೋರ್ಟ್ಸ್‌ನಲ್ಲಿ ರೂಢಿಯ ದಾರಿ ಎಂದರೆ, ಷರತ್ತಿಗೆ ಹೊಂದಿದರೆ ಮೊತ್ತ, ಇಲ್ಲವಾದರೆ ಸೊನ್ನೆ ಎಂಬ ಸೂತ್ರವನ್ನು ಬೇರೆ ಹೆಸರಿನಲ್ಲಿ ಮಾಡಿ, ಆ ಸೂತ್ರವನ್ನು ಕೂಡುವುದು. ಅಲ್ಲಿ ಸಾಲೊಂದನ್ನು ಮುದ್ರಣದಲ್ಲಿ ಮರೆಮಾಡುವುದಕ್ಕೂ ಲೆಕ್ಕದಿಂದ ತೆಗೆಯುವುದಕ್ಕೂ ಸಂಬಂಧವಿಲ್ಲ. ಮರೆಮಾಡಿದ ಸಾಲು ಮೊತ್ತದಲ್ಲಿ ಇದ್ದೇ ಇರುತ್ತದೆ. ಓದುಗರು ಕಾಗದದ ಮೇಲಿನ ಅಂಕಿಗಳನ್ನು ಕೈಯಲ್ಲಿ ಕೂಡಿ ನೋಡಿದರೆ ಕೆಳಗಿನ ಒಟ್ಟು ಹೊಂದುವುದಿಲ್ಲ. ಷರತ್ತು ಸೇರಿಸಿದ ರನ್ನಿಂಗ್ ಟೋಟಲ್ ಇದಕ್ಕೆ ಪರಿಹಾರ. ಮೈಕ್ರೊಸಾಫ್ಟ್‌ನ ರಿಪೋರ್ಟಿಂಗ್ ಸರ್ವಿಸಸ್‌ನಲ್ಲಿ ಸಮ್ ಒಳಗೆ ಐಐಎಫ್ ಬರೆಯುತ್ತಾರೆ. ಮೊತ್ತ ದಶಮಾಂಶ ಜಾತಿಯದಾಗಿ, ಬದಲಿಗೆ ಕೊಟ್ಟ ಸೊನ್ನೆ ಪೂರ್ಣಾಂಕ ಜಾತಿಯದಾದರೆ ಇಡೀ ಮೊತ್ತದ ಜಾಗದಲ್ಲಿ ದೋಷ ಕಾಣಿಸುತ್ತದೆ. ಸೊನ್ನೆಯನ್ನೂ ದಶಮಾಂಶಕ್ಕೆ ತಿರುಗಿಸಿ ಬರೆಯಬೇಕು. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದಕ್ಕಿಂತ ಇಂಥ ಗಟ್ಟಿ ದೋಷವೇ ವಾಸಿ.

ಭಾರತದ ಸಣ್ಣ, ಮಧ್ಯಮ ವ್ಯಾಪಾರಗಳಲ್ಲಿ ಮನೆಮಾತಾಗಿರುವ ಟ್ಯಾಲಿ ಬೆಂಗಳೂರಿನ ಕಂಪನಿಯದು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆ ಕಂಪನಿಯನ್ನು ಆರಂಭಿಸಿದರು. ಟ್ಯಾಲಿಯ ವರದಿಗಳನ್ನು ಟಿಡಿಎಲ್ ಎಂಬ ಅದರದೇ ಭಾಷೆಯಲ್ಲಿ ಬದಲಿಸಬಹುದು, ಹೊಸದಾಗಿಯೂ ಬರೆಯಬಹುದು. ವೋಚರುಗಳನ್ನೋ ಲೆಡ್ಜರುಗಳನ್ನೋ ಒಂದು ಕಲೆಕ್ಷನ್ ಆಗಿ ತೆಗೆದುಕೊಂಡು, ಅದಕ್ಕೊಂದು ಫಿಲ್ಟರ್ ಹಾಕಿ, ಉಳಿದದ್ದನ್ನು ಕೂಡಿಸುವುದು ಅಲ್ಲಿನ ಕ್ರಮ; ಫಿಲ್ಟರ್ ಹಾಕಿ ಮೊತ್ತ ತರುವುದಕ್ಕೆಂದೇ ಒಳಗೆ ಕಟ್ಟಿದ ಕಾರ್ಯಗಳೂ ಇವೆ. ಈ ಭಾಷೆಯಲ್ಲಿ ಫಿಲ್ಟರಿನ ಷರತ್ತಿಗೆ ಒಂದು ಹೆಸರು ಕೊಟ್ಟು ಬೇರೆ ಜಾಗದಲ್ಲಿ ಬರೆಯಬೇಕು. ‘ಬಾಕಿ ಮೀರಿದ ಬಿಲ್ಲು’ ಎಂದರೆ ಏನು ಎಂಬುದು ಒಂದೇ ಕಡೆ ಇರುತ್ತದೆ, ಹತ್ತು ವರದಿಗಳು ಅದನ್ನು ಹೆಸರು ಹಿಡಿದು ಕರೆಯುತ್ತವೆ. ಹಾಳೆಯಲ್ಲಿ ಅದೇ ಷರತ್ತು ಹತ್ತು ಸೂತ್ರಗಳ ಒಳಗೆ ಹತ್ತು ಸಲ ಹೂತುಹೋಗಿರುತ್ತದೆ. ಟ್ಯಾಲಿಯ ದತ್ತಾಂಶದಲ್ಲಿ ಡೆಬಿಟ್ ಮೊತ್ತಗಳು ಋಣ ಚಿಹ್ನೆಯೊಂದಿಗೆ ಇರುವುದರಿಂದ, ಅದನ್ನು ಹೊರತೆಗೆದು ಹಾಳೆಯಲ್ಲಿ ಕೂಡುವವರು ‘ಸೊನ್ನೆಗಿಂತ ಹೆಚ್ಚು’ ಎಂಬ ಷರತ್ತು ಹಾಕುವ ಮುನ್ನ ಚಿಹ್ನೆಯನ್ನು ನೋಡಿಕೊಳ್ಳಬೇಕು.

ಸಂದರ್ಭ ನೋಡಿ ಕೂಡುವ ಸೂತ್ರಗಳು : 2010ರಲ್ಲಿ ಮೈಕ್ರೊಸಾಫ್ಟ್‌ನ ಪವರ್ ಪಿವಟ್ ಜೊತೆಗೆ ಬಂದು, 2015ರಿಂದ ಪವರ್ ಬಿಐಯಲ್ಲೂ ಬಳಕೆಯಾಗುತ್ತಿರುವ ಡ್ಯಾಕ್ಸ್ ಭಾಷೆಯಲ್ಲಿ ಸಮ್‌ಇಫ್ಸ್ ಇಲ್ಲ. ಅಲ್ಲಿ ಪ್ರತಿ ಅಂಕಿಯೂ ತಾನು ಕುಳಿತ ಜಾಗದಿಂದಲೇ ಷರತ್ತು ಪಡೆಯುತ್ತದೆ: ಅದರ ಸಾಲು ಧಾರವಾಡವಾದರೆ ಧಾರವಾಡದ್ದು, ಕಾಲಂ ಮೇ ತಿಂಗಳಾದರೆ ಮೇ ತಿಂಗಳದ್ದು. ಕ್ಯಾಲ್ಕುಲೇಟ್ ಎಂಬ ಕಾರ್ಯ ಈ ಸಂದರ್ಭವನ್ನು ಬದಲಿಸುತ್ತದೆ. ಊರು ಧಾರವಾಡ ಎಂದು ಅದರೊಳಗೆ ಬರೆದರೆ, ವರದಿಯಲ್ಲಿ ಊರಿನ ಮೇಲೆ ಮೊದಲೇ ಇದ್ದ ಷರತ್ತು ಅಳಿದು ಹೊಸದು ಕೂರುತ್ತದೆ. ಪರಿಣಾಮವಾಗಿ ಬೆಳಗಾವಿಯ ಸಾಲಿನಲ್ಲೂ ಗದಗದ ಸಾಲಿನಲ್ಲೂ ಧಾರವಾಡದ ಮೊತ್ತವೇ ಕಾಣುತ್ತದೆ. ಹೊಸಬರು ಇದನ್ನು ತಂತ್ರಾಂಶದ ದೋಷವೆಂದು ತಿಳಿಯುತ್ತಾರೆ. ಧಾರವಾಡದ ಜೊತೆ ಇತರ ಊರುಗಳನ್ನು ಹೋಲಿಸುವ ವರದಿಗೆ ಬೇಕಾದದ್ದು ಇದೇ. ಬೇಡವಾದಲ್ಲಿ ಕೀಪ್‌ಫಿಲ್ಟರ್ಸ್ ಸೇರಿಸಬೇಕು.

ಟ್ಯಾಬ್ಲೊ ಎಂಬ ವರದಿ ತಂತ್ರಾಂಶದಲ್ಲಿ ಸಮ್ ಒಳಗೆ ಇಫ್ ಬರೆದರೆ ಸಾಮಾನ್ಯ ಷರತ್ತುಬದ್ಧ ಮೊತ್ತ ಸಿಗುತ್ತದೆ. 2015ರಲ್ಲಿ ಸೇರಿದ ಫಿಕ್ಸ್ಡ್ ಸೂತ್ರಗಳು ವರದಿಯ ಸಾಮಾನ್ಯ ಫಿಲ್ಟರುಗಳಿಗೆ ಮುಂಚೆಯೇ ಲೆಕ್ಕವಾಗುತ್ತವೆ. ಹಾಗಾಗಿ ಓದುಗರು ಒಂದು ಊರನ್ನು ಆರಿಸಿಕೊಂಡರೂ ಆ ಮೊತ್ತ ಕದಲುವುದಿಲ್ಲ. ಕ್ಲಿಕ್ ಎಂಬ ತಂತ್ರಾಂಶದ ಸೆಟ್ ಅನಾಲಿಸಿಸ್‌ನಲ್ಲಿ ಷರತ್ತು ಇಡೀ ಚಾರ್ಟಿಗೆ ಒಂದೇ ಸಲ ಲೆಕ್ಕವಾಗುತ್ತದೆ. ಸಾಲಿನಿಂದ ಸಾಲಿಗೆ ಬದಲಾಗುವ ಷರತ್ತನ್ನು ಅದರಲ್ಲಿ ಬರೆಯಲು ಹೋದರೆ ಫಲ ಸಿಗದು.

ಹೆಸರುಗಳ ಗೊಂದಲ : 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಸೇರಿ ಕರ್ನಾಟಕದ 12 ಊರುಗಳ ಇಂಗ್ಲಿಷ್ ಬರವಣಿಗೆ ಅಧಿಕೃತವಾಗಿ ಬದಲಾಯಿತು. ಹಳೆಯ ಗಿರಾಕಿಗಳ ವಿಳಾಸದಲ್ಲಿ ಬೆಲ್ಗಾಂ, ಹೊಸಬರ ವಿಳಾಸದಲ್ಲಿ ಬೆಳಗಾವಿ ಇರುವ ಪಟ್ಟಿಯಲ್ಲಿ ಊರಿನ ಮೊತ್ತ ಎರಡಾಗಿ ಸೀಳುತ್ತದೆ. ಕನ್ನಡದಲ್ಲೇ ದಾಖಲಿಸಿದ ಹೆಸರುಗಳಿಗೆ ತಮ್ಮದೇ ತೊಡಕಿದೆ. ಯುನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಕೋಲಾರ’ವೇ, ಸಂಕೇತಗಳನ್ನಷ್ಟೇ ಹೋಲಿಸುವ ತಂತ್ರಾಂಶಕ್ಕೆ ಬೇರೆ ಬೇರೆ ಪದಗಳು. ಯುನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪಾದ ಹಳೆಯ ಕಡತಗಳಂತೂ ಕನ್ನಡವೆಂದು ಕಾಣುವ ಬೇರೆಯೇ ಸಂಕೇತಗಳು. ಹೆಸರಿನ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗ ಕೂಡ ಸಾಲನ್ನು ಹೊರಗಿಡಲು ಸಾಕು. ಹೆಸರಿನ ಮೇಲೆ ಷರತ್ತು ಹಾಕುವ ಬದಲು ಪ್ರತಿ ಊರಿಗೂ ಗಿರಾಕಿಗೂ ಒಂದು ಸಂಕೇತ ಕೊಟ್ಟು, ಷರತ್ತನ್ನು ಅದರ ಮೇಲೆ ಹಾಕುವುದು ಈ ಎಲ್ಲದಕ್ಕೂ ಗಟ್ಟಿ ಪರಿಹಾರ.

ತಾಳೆ ನೋಡುವುದು : ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗೋಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧ, ಸರ್ಕಾರದ ಸಾಲ ದೇಶದ ಉತ್ಪನ್ನದ ಶೇ 90 ಮೀರಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಹೇಳಿತ್ತು. ದೇಶಗಳನ್ನು ಸಾಲದ ಪ್ರಮಾಣದ ಷರತ್ತಿನಂತೆ ಗುಂಪು ಮಾಡಿ ಸರಾಸರಿ ತೆಗೆದ ಲೆಕ್ಕವದು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಮೂಲ ಎಕ್ಸೆಲ್ ಹಾಳೆಯನ್ನು ತರಿಸಿಕೊಂಡು ನೋಡಿದಾಗ, ಸೂತ್ರದ ವ್ಯಾಪ್ತಿ ಐದು ಸಾಲು ಮೊದಲೇ ಮುಗಿದು ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದ ಹೊರಗುಳಿದಿದ್ದವು. ಮೈಕೆಲ್ ಆ್ಯಶ್ ಮತ್ತು ರಾಬರ್ಟ್ ಪೊಲಿನ್ ಜೊತೆ ಅವರು 2013ರಲ್ಲಿ ಇದನ್ನು ಪ್ರಕಟಿಸಿದರು. ಪ್ರಬಂಧದ ಒಟ್ಟು ಫಲಿತಾಂಶ ಬದಲಾಗಲು ಬೇರೆ ಕಾರಣಗಳೂ ಇದ್ದವು. ಆದರೆ ಐದು ದೇಶಗಳು ಬಿಟ್ಟುಹೋದದ್ದು ಹಾಳೆಯನ್ನು ತೆರೆದು ನೋಡುವವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ.

ಇದಕ್ಕೆ ಇರುವ ಉಪಾಯ ಹಳೆಯದು, ಸುಲಭದ್ದು. ಷರತ್ತುಬದ್ಧ ಮೊತ್ತಗಳ ಪ್ರತಿ ಪಟ್ಟಿಯ ಕೊನೆಗೂ ‘ಉಳಿದವು’ ಎಂಬ ಸಾಲು ಬೇಕು. ಆ ಸಾಲಿಗೆ ಷರತ್ತು ಬರೆಯಬಾರದು. ಯಾವ ಷರತ್ತೂ ಇಲ್ಲದ ಒಟ್ಟು ಮೊತ್ತದಿಂದ ಮೇಲಿನವುಗಳ ಕೂಡಿಕೆಯನ್ನು ಕಳೆದು ಅದನ್ನು ಪಡೆಯಬೇಕು. ಹಣದ ಜೊತೆ ಸಾಲುಗಳ ಎಣಿಕೆಗೂ ಹೀಗೇ ಮಾಡಬೇಕು, ಏಕೆಂದರೆ ಒಂದು ಬಿಲ್ಲೂ ಅದನ್ನು ರದ್ದುಮಾಡಿದ ಕ್ರೆಡಿಟ್ ನೋಟೂ ಎರಡೂ ಬಿಟ್ಟುಹೋದರೆ ಹಣದ ಲೆಕ್ಕದಲ್ಲಿ ಸೊನ್ನೆಯೇ ಕಾಣುತ್ತದೆ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದದ್ದು ಇಂಥ ಸಾಲಿನ ಬೆಲೆ ತಿಳಿಸುತ್ತದೆ. ಶೇ 12 ಮತ್ತು ಶೇ 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು ಶೇ 5 ಮತ್ತು ಶೇ 18ಕ್ಕೆ ಇಳಿದವು, ಕೆಲವಕ್ಕೆ ಶೇ 40ರ ಹೊಸ ದರ ಬಂತು. ಸಿಮೆಂಟಿನ ತೆರಿಗೆ ಶೇ 28ರಿಂದ ಶೇ 18 ಆಯಿತು. ಸರಕಿನ ಹೆಸರು ನೋಡಿ ದರ ಊಹಿಸುವ ಸೂತ್ರಗಳು ಅಂದೇ ತಪ್ಪಾದವು. ಸರಕು, ದರ, ಜಾರಿಯಾದ ದಿನ ಮೂರನ್ನೂ ಬೇರೆ ಕೋಷ್ಟಕದಲ್ಲಿ ಇಟ್ಟವರು ಹೊಸ ಸಾಲುಗಳನ್ನು ಸೇರಿಸಿ ಮುಂದುವರಿಯಬಹುದಿತ್ತು. 5, 12, 18, 28 ಎಂಬ ನಾಲ್ಕೇ ದರಗಳಿಗೆ ಸಾಲು ಮಾಡಿಟ್ಟ ಮಾರಾಟ ವರದಿಯಲ್ಲಿ, ಶೇ 40ಕ್ಕೆ ಏರಿದ ತಂಪು ಪಾನೀಯದ ಬಿಲ್ಲುಗಳು ಯಾವ ಸಾಲಿಗೂ ಹೊಂದುವುದಿಲ್ಲ. ಷರತ್ತುಗಳ ಮೊತ್ತಗಳನ್ನು ಕೂಡಿಯೇ ಒಟ್ಟು ಬರೆದ ವರದಿ ಆ ಮಾರಾಟವನ್ನು ಕಳೆದುಕೊಳ್ಳುತ್ತದೆ. ಒಟ್ಟನ್ನು ನೇರವಾಗಿ ಪಟ್ಟಿಯಿಂದ ತೆಗೆದ ವರದಿಯಲ್ಲಿ ಅದು ‘ಉಳಿದವು’ ಸಾಲಿಗೆ ಬಂದು ನಿಲ್ಲುತ್ತದೆ.